ಕೋಚ್‌ನ ಗುಡ್‌ವಿಲ್ ಎಷ್ಟು?

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಪಾಲುದಾರಿಕೆಯ ಲೆಕ್ಕ ಶುರುವಾದರೆ ಗುಡ್‌ವಿಲ್ ಬಂದೇ ಬರುತ್ತದೆ. ಅಂಗಡಿಯ ಬೀರು, ತಕ್ಕಡಿ, ಸರಕು ಎಲ್ಲಕ್ಕೂ ಬೆಲೆ ಕಟ್ಟಿದ ಮೇಲೆ ಇನ್ನೂ ಒಂದು ಬೆಲೆ ಉಳಿಯುತ್ತದಲ್ಲ, ಹೆಸರಿನ ಬೆಲೆ, ಅದೇ ಗುಡ್‌ವಿಲ್. ಒಬ್ಬ ಪಾಲುದಾರ ಬಿಟ್ಟು ಹೋಗುವಾಗ ಅವನ ಪಾಲಿನ ಗುಡ್‌ವಿಲ್ ಎಷ್ಟು ಎಂದು ಲೆಕ್ಕ ಹಾಕಿ ಕೊಡಬೇಕು. ಫುಟ್‌ಬಾಲ್ ಕೋಚ್‌ಗಳ ಬಗ್ಗೆ ನಮ್ಮ ಹುಡುಗರು ವಾದ ಮಾಡುವಾಗ ಈ ಪಾಠ ನನಗೆ ನೆನಪಾಗುತ್ತದೆ. ಏಕೆಂದರೆ ವಾದ ಯಾವಾಗಲೂ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತದೆ: "ಎಷ್ಟು ಕಪ್ ಗೆದ್ದಿದ್ದಾನೆ?" ಅಂಗಡಿಯ ಲಾಭ ಎಷ್ಟು ಎಂದು ಮಾತ್ರ ಕೇಳಿ ಗುಡ್‌ವಿಲ್ ಬರೆದರೆ ನಮ್ಮ ಸರ್ ಅಂಕ ಕೊಡುವುದಿಲ್ಲ. ಕೋಚ್ ವಿಷಯದಲ್ಲಿ ಮಾತ್ರ ಅದೇ ಉತ್ತರಕ್ಕೆ ನಾವೆಲ್ಲ ಪೂರ್ತಿ ಅಂಕ ಕೊಡುತ್ತೇವೆ.

ಸೈನ್ಸ್ ವಿಭಾಗದ ಗೆಳೆಯರಿಗಾಗಿ ಸೂಪರ್ ಪ್ರಾಫಿಟ್ ವಿಧಾನವನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ಅಂಗಡಿಗೆ ಹಾಕಿದ ಬಂಡವಾಳ 5,00,000 ರೂಪಾಯಿ. ಅಂಥ ವ್ಯಾಪಾರದಲ್ಲಿ ಸಾಮಾನ್ಯವಾಗಿ ಶೇ 10 ಲಾಭ ಬರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಯಾರು ಗಲ್ಲಾದಲ್ಲಿ ಕೂತರೂ ವರ್ಷಕ್ಕೆ 50,000 ಬರಬೇಕು. ಈ ಅಂಗಡಿಯ ಸರಾಸರಿ ಲಾಭ 70,000. ಹೆಚ್ಚಿಗೆ ಬಂದ 20,000 ರೂಪಾಯಿಯೇ ಸೂಪರ್ ಪ್ರಾಫಿಟ್. ಅದನ್ನು ಮೂರು ವರ್ಷಕ್ಕೆ ಗುಣಿಸಿದರೆ ಗುಡ್‌ವಿಲ್ 60,000. ಇಲ್ಲಿ ಗಮನಿಸಬೇಕಾದದ್ದು ಎರಡು. ಸರಾಸರಿ ತೆಗೆಯುವ ಮೊದಲು ಲಾಟರಿ ಹೊಡೆದಂಥ ಲಾಭ, ಬೆಂಕಿ ಬಿದ್ದಂಥ ನಷ್ಟ ಇವನ್ನು ಹೊರಗೆ ತೆಗೆಯಬೇಕು. ಆಮೇಲೆ, ಕೈಗೆ ಎಷ್ಟು ಬಂಡವಾಳ ಕೊಟ್ಟಿದ್ದರು ಎಂದು ನೋಡಬೇಕು. ಕೋಚ್‌ಗೆ ಬಂಡವಾಳ ಎಂದರೆ ಆಟಗಾರರು, ಕ್ಲಬ್ಬಿನ ದುಡ್ಡು, ಮೈದಾನ, ಅಭ್ಯಾಸಕ್ಕೆ ಸಿಗುವ ದಿನಗಳು.

ಈಗ ಬೆಂಗಳೂರು ಎಫ್‌ಸಿಗೆ ಬರೋಣ. ನಮಗೆ ಹತ್ತಿರದ ದೊಡ್ಡ ಕ್ಲಬ್ ಅದೇ, ಕೋಲಾರದಿಂದ ಬಸ್ ಹತ್ತಿದರೆ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಪಂದ್ಯ ನೋಡಬಹುದು. ಜೆಎಸ್‌ಡಬ್ಲ್ಯೂ ಕಂಪನಿ 2013ರ ಜುಲೈನಲ್ಲಿ ಈ ಕ್ಲಬ್ ಕಟ್ಟಿದಾಗ ಆಶ್ಲೆ ವೆಸ್ಟ್‌ವುಡ್ ಎಂಬ ಇಂಗ್ಲೆಂಡಿನವರನ್ನು ಕೋಚ್ ಮಾಡಿದರು. ಅದಕ್ಕೂ ಮೊದಲು ಅವರು ಎಲ್ಲಿಯೂ ಮುಖ್ಯ ಕೋಚ್ ಆಗಿರಲಿಲ್ಲ, ಸಹಾಯಕರಾಗಿದ್ದರು. ಮೊದಲ ಸೀಸನ್‌ನಲ್ಲೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದರು. ಮುಂದಿನ ಸೀಸನ್‌ನಲ್ಲಿ ಫೆಡರೇಷನ್ ಕಪ್ ಗೆದ್ದು ಲೀಗ್‌ನಲ್ಲಿ ಎರಡನೆಯವರಾದರು. 2015-16ರಲ್ಲಿ ಮತ್ತೆ ಐ-ಲೀಗ್. ಮೂರು ವರ್ಷಕ್ಕೆ ಮೂರು ದೊಡ್ಡ ಕಪ್. ಇವರ ನಂತರ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ ಎರಡು ವರ್ಷ ಇದ್ದರು, ಒಂದು ಲೀಗನ್ನೂ ಗೆಲ್ಲಲಿಲ್ಲ. ರೋಕಾಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2018ರಲ್ಲಿ ಮುಖ್ಯ ಕೋಚ್ ಆಗಿ ಮೊದಲ ವರ್ಷವೇ ಐಎಸ್‌ಎಲ್ ಗೆದ್ದರು. ಲೀಗ್ ಗೆಲುವು ಎಣಿಸುವವರಿಗೆ ವೆಸ್ಟ್‌ವುಡ್ ಮೊದಲು, ಕ್ವಾಡ್ರಾಟ್ ಎರಡನೆಯವರು, ರೋಕಾ ಕೊನೆ.

ನಾನು ಕಪ್ ಬಿಟ್ಟು ಲೀಗ್ ಅಂಕಗಳನ್ನು ಎಣಿಸಿದೆ. ಗೆದ್ದರೆ 3, ಡ್ರಾ ಆದರೆ 1. ವೆಸ್ಟ್‌ವುಡ್ ಅವರ ಮೂರು ಐ-ಲೀಗ್ ಸೀಸನ್‌ಗಳಲ್ಲಿ 24 ಪಂದ್ಯಕ್ಕೆ 47, 20 ಪಂದ್ಯಕ್ಕೆ 37, 16 ಪಂದ್ಯಕ್ಕೆ 32. ಒಟ್ಟು 60 ಪಂದ್ಯ, 116 ಅಂಕ. ಪಂದ್ಯಕ್ಕೆ 1.93. ರೋಕಾ ಅವರದು 2016-17ರ ಐ-ಲೀಗ್‌ನಲ್ಲಿ 18 ಪಂದ್ಯಕ್ಕೆ 30, 2017-18ರ ಐಎಸ್‌ಎಲ್‌ನಲ್ಲಿ 18 ಪಂದ್ಯಕ್ಕೆ 40. ಒಟ್ಟು 36 ಪಂದ್ಯ, 70 ಅಂಕ. ಪಂದ್ಯಕ್ಕೆ 1.94! ಕ್ವಾಡ್ರಾಟ್ ಅವರ ಎರಡು ಪೂರ್ತಿ ಸೀಸನ್‌ಗಳಲ್ಲಿ 34 ಮತ್ತು 30, ಅಂದರೆ ಪಂದ್ಯಕ್ಕೆ 1.78. ಲೀಗ್ ಗೆಲ್ಲದವರ ಸರಾಸರಿ ಎರಡು ಸಲ ಗೆದ್ದವರಿಗಿಂತ ಕೂದಲೆಳೆಯಷ್ಟು ಮೇಲಿದೆ, ಐಎಸ್‌ಎಲ್ ಗೆದ್ದವರದು ಮೂವರಲ್ಲಿ ಕೆಳಗೆ. ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಒತ್ತಿ ನೋಡಿದೆ.

ಇದು ಹೇಗೆ? ನಿಯಮ ಬೇರೆ. ಐ-ಲೀಗ್‌ನಲ್ಲಿ ಅಂಕಪಟ್ಟಿಯ ಮೇಲೆ ಇದ್ದವರೇ ಚಾಂಪಿಯನ್. ಐಎಸ್‌ಎಲ್‌ನಲ್ಲಿ ಆಗ ಪಟ್ಟಿಯಲ್ಲಿ ಮೊದಲು ಬಂದರೂ ಸೆಮಿಫೈನಲ್, ಫೈನಲ್ ಆಡಬೇಕಿತ್ತು. ರೋಕಾ ತಂಡ 2017-18ರಲ್ಲಿ 40 ಅಂಕದೊಂದಿಗೆ ಮೊದಲ ಸ್ಥಾನದಲ್ಲಿತ್ತು, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದೆ. ಆದರೆ 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್ ಎದುರು 3-2 ಸೋತಿತು. ಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ 2019-20ರಿಂದ ಬಂತು, ಹಾಗಾಗಿ ರೋಕಾಗೆ ಅದೂ ಇಲ್ಲ. ಮರುವರ್ಷ ಅದೇ ಮಾರ್ಚ್ 17ರಂದು ಮುಂಬೈಯಲ್ಲಿ ಕ್ವಾಡ್ರಾಟ್ ತಂಡ ಗೋವಾವನ್ನು 1-0 ಸೋಲಿಸಿತು. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೊಡೆದ ಗೋಲು. ಲೀಗ್‌ನಲ್ಲಿ ಆ ವರ್ಷ ಬೆಂಗಳೂರಿಗೂ 34, ಗೋವಾಕ್ಕೂ 34. ರೋಕಾ ಅವರದು ದೊಡ್ಡ ಲಾಭ, ಕ್ವಾಡ್ರಾಟ್ ಅವರದು ದೊಡ್ಡ ಕಪ್.

ಹಾಗೆಂದು ರೋಕಾ ಬರಿಗೈಲಿ ಹೋದರು ಎಂದುಕೊಳ್ಳಬೇಡಿ. 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್ ಅವರ ಕಾಲದವು. ಇನ್ನೊಂದು ಇದೆ, ಅದರ ಲೆಕ್ಕ ಮಾತ್ರ ಸ್ವಲ್ಪ ಕಷ್ಟ. 2016ರಲ್ಲಿ ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ತಲುಪಿತು. ಆ ಹಂತಕ್ಕೆ ಹೋದ ಭಾರತದ ಮೊದಲ ಕ್ಲಬ್ ಅದು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ 1-0 ಗೆದ್ದಿತು. ಫೈನಲ್‌ನಲ್ಲಿ ಬೆಂಚಿನ ಮುಂದೆ ನಿಂತವರು ರೋಕಾ. ಆದರೆ ಗುಂಪು ಹಂತ ದಾಟಿಸಿ, ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚೀ ತಂಡವನ್ನು 3-2 ಸೋಲಿಸಿದವರು ವೆಸ್ಟ್‌ವುಡ್. ಅವರು ಕ್ಲಬ್ ಬಿಟ್ಟರು, ಜುಲೈನಲ್ಲಿ ರೋಕಾ ಬಂದರು, ಕ್ವಾರ್ಟರ್ ಫೈನಲ್ ಮತ್ತು ಸೆಮಿಫೈನಲ್ ಗೆದ್ದುಕೊಟ್ಟರು. ವರ್ಷದ ನಡುವೆ ಪಾಲುದಾರ ನಿವೃತ್ತನಾದರೆ ಏಪ್ರಿಲ್‌ನಿಂದ ಆ ದಿನದವರೆಗಿನ ಲಾಭದಲ್ಲಿ ಅವನಿಗೆ ಪಾಲು ಇದೆ, ನಾವು ತಿಂಗಳು ಎಣಿಸಿ ಭಾಗಿಸುತ್ತೇವೆ. ಕೋಚ್‌ಗಳ ದಾಖಲೆ ಬರೆಯುವವರು ಹಾಗೆ ಭಾಗಿಸುವುದಿಲ್ಲ. ಕೊನೆಯ ದಿನ ಇದ್ದವನ ಹೆಸರಿಗೆ ಪೂರ್ತಿ ಬರೆದು ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಆ ಫೈನಲ್ ಇಬ್ಬರದೂ, ರೋಕಾ ಪಾಲು ಹೆಚ್ಚು. ಏಕೆಂದರೆ ಸೆಮಿಫೈನಲ್‌ನಲ್ಲಿ ಎದುರಿದ್ದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಅಲ್ಲಿ 1-1, ಇಲ್ಲಿ 3-1.

ಇನ್ನು ಲಾಟರಿ ಮತ್ತು ಬೆಂಕಿಯ ವಿಷಯ. ಕೋಲಾರದವರಿಗೆ ಇದನ್ನು ಟೊಮೆಟೊದಲ್ಲೇ ಹೇಳಿದರೆ ಬೇಗ ಅರ್ಥವಾಗುತ್ತದೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ತಿಂಗಳ ದುಡ್ಡು ನೋಡಿ ಯಾರನ್ನಾದರೂ ಜಾಣ ರೈತ, ಜಾಣ ಮಂಡಿಯವರು ಎನ್ನಲು ಆಗುತ್ತದೆಯೇ? ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಅಬ್ಬಾ "ರೇಟ್ ಆಯಾ ತೋ ಸಬ್ ಸೇಠ್" ಎನ್ನುತ್ತಾರೆ, ರೇಟ್ ಬಂದಾಗ ಎಲ್ಲರೂ ಸಾಹುಕಾರರೇ. ಶ್ರೀನಿವಾಸಪುರದ ಮಾವಿನ ತೋಪಿನವರೂ ಒಂದೇ ವರ್ಷದ ಫಸಲು ನೋಡಿ ತೋಟ ಗುತ್ತಿಗೆ ಹಿಡಿಯುವುದಿಲ್ಲ. ಒಂದು ವರ್ಷ ಚೆನ್ನಾಗಿ ಬಿಟ್ಟ ಮರ ಮುಂದಿನ ವರ್ಷ ಸುಮ್ಮನಿರುತ್ತದೆ ಎಂದು ಅವರಿಗೆ ಗೊತ್ತು.

ಫುಟ್‌ಬಾಲ್‌ನಲ್ಲಿ ಇಂಥದ್ದು ಬಹಳ. 2015ರ ಮೇ 31ರಂದು ಕಂಠೀರವದಲ್ಲಿ ಲೀಗ್‌ನ ಕೊನೆಯ ಪಂದ್ಯ. ಬೆಂಗಳೂರು ಗೆದ್ದರೆ ಚಾಂಪಿಯನ್, ಡ್ರಾ ಆದರೆ ಮೋಹನ್ ಬಗಾನ್. 87ನೇ ನಿಮಿಷದವರೆಗೆ ಬೆಂಗಳೂರು 1-0 ಮುಂದಿತ್ತು. ಆಗ ಬೆಲ್ಲೊ ರಜಾಕ್ ಹೆಡ್ ಮಾಡಿ ಸಮ ಮಾಡಿದರು. ಆ ಒಂದು ಹೆಡರ್ ಇಲ್ಲದಿದ್ದರೆ ವೆಸ್ಟ್‌ವುಡ್ ಹೆಸರಲ್ಲಿ ಮೂರಕ್ಕೆ ಮೂರು ಲೀಗ್ ಇರುತ್ತಿತ್ತು. ಆದರೆ ಅಂಕದ ಲೆಕ್ಕದಲ್ಲಿ 37 ಇದ್ದದ್ದು 39 ಆಗುತ್ತಿತ್ತು, ಅಷ್ಟೇ. ಅದಕ್ಕೇ ನನಗೆ ಕಪ್‌ಗಿಂತ ಸರಾಸರಿ ಮೇಲೆ ನಂಬಿಕೆ ಹೆಚ್ಚು. ಸೈಮನ್ ಗ್ರೇಸನ್ ಕತೆಯೂ ಹೀಗೆಯೇ. 2022-23ರಲ್ಲಿ ಅವರ ತಂಡ ಮೂರು ಫೈನಲ್ ಆಡಿತು: ಡ್ಯುರಾಂಡ್ ಕಪ್ ಗೆದ್ದಿತು, ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು, ಸೂಪರ್ ಕಪ್ ಫೈನಲ್ ಸೋತಿತು. 2023ರ ಡಿಸೆಂಬರ್‌ಗೆ ಕೆಲಸವೂ ಹೋಯಿತು. ಅವರ ಜಾಗಕ್ಕೆ ಬಂದ ಜೆರಾರ್ಡ್ ಜರಗೋಜಾ ಆ ಸೀಸನ್ ಹತ್ತನೇ ಸ್ಥಾನದಲ್ಲಿ ಮುಗಿಸಿದರು. ಆದರೂ ಕ್ಲಬ್ ಅವರನ್ನು ಉಳಿಸಿಕೊಂಡಿತು, 2025ರ ಏಪ್ರಿಲ್‌ನಲ್ಲಿ ತಂಡ ಫೈನಲ್‌ನಲ್ಲಿತ್ತು.

ಬೆಂಕಿ ಬಿದ್ದ ನಷ್ಟಕ್ಕೆ ದೊಡ್ಡ ಉದಾಹರಣೆ ಸೈಯದ್ ಅಬ್ದುಲ್ ರಹೀಮ್ ಸಾಹೇಬರು, ಹೈದರಾಬಾದಿನ ಮೇಷ್ಟ್ರು. 'ಮೈದಾನ್' ಸಿನಿಮಾ ನೋಡಿದವರಿಗೆ ಗೊತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಯುಗೊಸ್ಲಾವಿಯಾ ಎದುರು 10-1 ಸೋತಿತು. ನಮ್ಮವರು ಬಹುತೇಕ ಬರಿಗಾಲಲ್ಲಿ ಆಡುತ್ತಿದ್ದ ಕಾಲ ಅದು. ಆ ಒಂದು ಸ್ಕೋರ್ ನೋಡಿ ಮನೆಗೆ ಕಳಿಸಿದ್ದರೆ 1956ರ ಮೆಲ್ಬರ್ನ್‌ನ ನಾಲ್ಕನೇ ಸ್ಥಾನವಾಗಲಿ, 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನವಾಗಲಿ ಅವರ ಹೆಸರಲ್ಲಿ ಇರುತ್ತಿರಲಿಲ್ಲ.

ಇಲ್ಲಿಯವರೆಗೆ ಹಿಂದಿನ ಲೆಕ್ಕ. ಕೋಚ್ ಮುಂದೆ ಎಲ್ಲಿಗೆ ಹೋಗುತ್ತಾನೆ, ಅಲ್ಲಿ ನಡೆಯುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮುಳಬಾಗಿಲು ದೋಸೆ ಎಂಬ ಬೋರ್ಡ್ ಬೆಂಗಳೂರಲ್ಲಿ ಬೀದಿಗೊಂದು ಇದೆ. ದೋಸೆ ಹಾಕುವವರು ಮುಳಬಾಗಿಲಿನವರೇ ಇರಬಹುದು, ಆದರೆ ಹಿಟ್ಟು ರುಬ್ಬಿದವರು, ಕಾವಲಿ, ಬೆಂಕಿ ಯಾವುದೂ ಜೊತೆಗೆ ಬಂದಿರುವುದಿಲ್ಲ. ಕೆಲವು ಕಡೆ ಆದರೂ ರುಚಿ ಬರುತ್ತದೆ, ಕೆಲವು ಕಡೆ ಬೋರ್ಡ್ ಮಾತ್ರ. ಕೋಚ್ ಜೊತೆಗೆ ಹೋಗುವ ಗುಡ್‌ವಿಲ್ ಎಷ್ಟು, ಕ್ಲಬ್ಬಿನಲ್ಲೇ ಉಳಿಯುವುದು ಎಷ್ಟು ಎಂದು ತಿಳಿಯಲು ಮುಂದಿನ ಎರಡು ಮೂರು ಕೆಲಸ ನೋಡಲೇಬೇಕು.

ವೆಸ್ಟ್‌ವುಡ್ ಬೆಂಗಳೂರು ಬಿಟ್ಟು ಮಲೇಷ್ಯಾದ ಪೆನಾಂಗ್‌ಗೆ ಹೋದರು. 2017ರ ಸೀಸನ್ ಮುಗಿಯುವ ಮೊದಲೇ ಹೊರಬಂದರು. ಆಮೇಲೆ ಕೋಲ್ಕತ್ತದ ಎಟಿಕೆ. ಅಲ್ಲಿ ಟೆಕ್ನಿಕಲ್ ಡೈರೆಕ್ಟರ್ ಆಗಿದ್ದವರನ್ನು 2018ರ ಜನವರಿಯಲ್ಲಿ, ಟೆಡ್ಡಿ ಶೆರಿಂಗ್‌ಹ್ಯಾಮ್ ಹೋದ ಮೇಲೆ, ಹಂಗಾಮಿ ಕೋಚ್ ಮಾಡಿದರು. ಆ ಸೀಸನ್‌ನಲ್ಲಿ ಎಟಿಕೆ ಹತ್ತು ತಂಡಗಳಲ್ಲಿ ಒಂಬತ್ತನೆಯದು. ಆಗ ಎಲ್ಲರೂ ಹೇಳಿದ್ದು ಒಂದೇ: ಬೆಂಗಳೂರಲ್ಲಿ ಗೆದ್ದದ್ದು ಜೆಎಸ್‌ಡಬ್ಲ್ಯೂ ದುಡ್ಡು ಮತ್ತು ಸುನಿಲ್ ಛೆತ್ರಿ, ಇವರಲ್ಲ. ಲೆಕ್ಕದ ಭಾಷೆಯಲ್ಲಿ, ಬಂಡವಾಳ ದೊಡ್ಡದಿತ್ತು, ಸೂಪರ್ ಪ್ರಾಫಿಟ್ ಇರಲಿಲ್ಲ. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಹೊಸ ಕ್ಲಬ್ ಆದರೂ ಬೆಂಗಳೂರು ಬಡ ಕ್ಲಬ್ ಆಗಿರಲಿಲ್ಲ.

ಆದರೆ 2023ರ ಕೊನೆಗೆ ಅವರು ಅಫ್ಘಾನಿಸ್ತಾನ ತಂಡದ ಕೋಚ್ ಆದರು. ಅಲ್ಲಿನ ಬಂಡವಾಳ ನೋಡಿ. ತಮ್ಮ ದೇಶದಲ್ಲಿ ಪಂದ್ಯ ಆಡಲು ಆಗದ ತಂಡ. ತಮ್ಮ ಫೆಡರೇಷನ್ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ ಅನೇಕ ಹಿರಿಯ ಆಟಗಾರರು ಬರಲು ಒಪ್ಪಿರಲಿಲ್ಲ. ಫಿಫಾ ಪಟ್ಟಿಯಲ್ಲಿ ಭಾರತ 117, ಅಫ್ಘಾನಿಸ್ತಾನ 158. 2024ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ, ಸೌದಿಯ ಅಭಾದಲ್ಲಿ 0-0. ಐದು ದಿನದೊಳಗೆ, ಮಾರ್ಚ್ 26ರಂದು ಗುವಾಹಟಿಯಲ್ಲಿ ಛೆತ್ರಿ ಅವರ 150ನೇ ಪಂದ್ಯ. ಛೆತ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ರಹಮತ್ ಅಕ್ಬರಿ ಸಮ ಮಾಡಿದರು, 88ನೇ ನಿಮಿಷಕ್ಕೆ ಶರೀಫ್ ಮುಖಮ್ಮದ್ ಪೆನಾಲ್ಟಿ, 2-1. ತನ್ನನ್ನು ಕೋಚ್ ಮಾಡಿದ ಊರಿನ ನಾಯಕನ ಹಬ್ಬದ ದಿನ ಬಂದು ಗೆದ್ದುಕೊಂಡು ಹೋದರು. ಆ ಗುಂಪಿನಲ್ಲಿ ಕೊನೆಗೆ ಭಾರತಕ್ಕೂ 5 ಅಂಕ, ಅಫ್ಘಾನಿಸ್ತಾನಕ್ಕೂ 5. ಜೂನ್‌ನಲ್ಲಿ ಕತಾರ್ ಎದುರು 0-0 ಕೂಡ ಮಾಡಿದರು, ಆದರೆ ಕತಾರ್ ಆಗಲೇ ಮುಂದಿನ ಸುತ್ತಿಗೆ ಹೋಗಿತ್ತು, ಹಾಗಾಗಿ ಅದನ್ನು ನಾನು ಪೂರ್ತಿ ಜಮೆ ಮಾಡುವುದಿಲ್ಲ.

ಆ ಫಲಿತಾಂಶಗಳ ನಂತರ ಹಾಂಗ್‌ಕಾಂಗ್ ಅವರನ್ನು ಕರೆಯಿತು. 2025ರ ಜೂನ್ 10ರಂದು ಅಲ್ಲಿ ಭಾರತ ಮತ್ತೆ ಸೋತಿತು, ಕೊನೆಯ ಗಳಿಗೆಯ ಪೆನಾಲ್ಟಿಯಿಂದ 1-0. ಆವತ್ತು ಹಾಂಗ್‌ಕಾಂಗ್ ಕೂಡ ಪಟ್ಟಿಯಲ್ಲಿ ಭಾರತಕ್ಕಿಂತ ಕೆಳಗಿತ್ತು.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಿದಾಗ ನನಗೆ ಕಂಡದ್ದು ಇಷ್ಟು. ತಂಡವನ್ನು ಮೊದಲಿಂದ ಕಟ್ಟುವ ಕಡೆ ಇವರು ನಡೆಯುತ್ತಾರೆ: ಬೆಂಗಳೂರು ಹೊಸದು, ಅಫ್ಘಾನಿಸ್ತಾನದಲ್ಲಿ ಹಿರಿಯರು ಇಲ್ಲದೆ ಹೊಸ ಹುಡುಗರು. ಇನ್ನೊಬ್ಬರು ಕಟ್ಟಿದ ತಂಡಕ್ಕೆ ನಡುವೆ ಕಾಲಿಟ್ಟ ಎಟಿಕೆಯಲ್ಲಿ ನಡೆಯಲಿಲ್ಲ. ಪೆನಾಂಗ್ ಈ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ, ಬೇಕಾದರೆ ನೀವು ಕೂರಿಸಿ ನೋಡಿ. ಇನ್ನೊಂದು, ಭಾರತದ ಆಟಗಾರರನ್ನು ಅವರು ಮೂರು ವರ್ಷ ದಿನಾ ನೋಡಿದ್ದರು. ಆ ತಿಳುವಳಿಕೆ ಜೊತೆಗೆ ಹೋಗುವ ಆಸ್ತಿ, ಆದರೆ ಭಾರತದ ಎದುರು ಮಾತ್ರ ಚಲಾವಣೆ. ಅವರನ್ನು ಮುಂದೆ ಕರೆಯುವ ಕ್ಲಬ್ ಕೇಳಬೇಕಾದ ಪ್ರಶ್ನೆ "ಭಾರತವನ್ನು ಎಷ್ಟು ಸಲ ಸೋಲಿಸಿದಿರಿ" ಎಂದಲ್ಲ, "ನಮ್ಮಲ್ಲಿ ಮೊದಲಿಂದ ಕಟ್ಟಲು ನಿಮಗೆ ಎಷ್ಟು ಸಮಯ ಬೇಕು" ಎಂದು.

ಈಗಿನ ಭಾರತ ತಂಡದ ಮಾತು ಬಂದರೆ ಖಾಲಿದ್ ಜಮೀಲ್ ಅವರನ್ನು ಬಿಡಲು ಆಗುವುದಿಲ್ಲ, ನಮ್ಮ ಹುಡುಗರಲ್ಲಿ ಅವರಿಗೆ ಅಭಿಮಾನಿಗಳೂ ಹೆಚ್ಚು, ಬೈಯುವವರೂ ಹೆಚ್ಚು. ಮುಂಬೈ ಎಫ್‌ಸಿಯಲ್ಲಿ ಏಳು ವರ್ಷ ಕೋಚ್, ಒಂದು ಕಪ್ಪೂ ಇಲ್ಲ. 2016-17ರಲ್ಲಿ ಮಿಜೋರಂನ ಐಜಾಲ್‌ಗೆ ಹೋದರು. ಹಿಂದಿನ ವರ್ಷ ಕೆಳದರ್ಜೆಗೆ ಬಿದ್ದು ಮತ್ತೆ ಸೇರಿಸಿಕೊಂಡಿದ್ದ ತಂಡ ಅದು. 37 ಅಂಕ, ಮೋಹನ್ ಬಗಾನ್‌ಗೆ 36, ಐ-ಲೀಗ್ ಚಾಂಪಿಯನ್. ಸೂಪರ್ ಪ್ರಾಫಿಟ್ ಎಂದರೆ ಇದೇ. ಅವರು 2025ರ ಆಗಸ್ಟ್‌ನಲ್ಲಿ ಭಾರತದ ಕೋಚ್ ಆದರು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರ 2-1 ಗೆದ್ದು, 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ಸೋಲು ಖಾಲಿದ್ ಹೆಸರಿಗೆ ಬಿತ್ತು. ಆದರೆ ಅವರು ಬರುವ ಮೊದಲೇ ಎರಡು ಪಂದ್ಯ ಆಗಿತ್ತು, ಬಾಂಗ್ಲಾದೇಶ ಎದುರು ಡ್ರಾ, ಹಾಂಗ್‌ಕಾಂಗ್ ಎದುರು ಸೋಲು, ಕೈಲಿದ್ದದ್ದು ಒಂದೇ ಅಂಕ. ಹಿಂದಿನವರ ನಷ್ಟವನ್ನು ಆರಂಭದ ಬಾಕಿಯಾಗಿ ಎಲ್ಲಿ ಬರೆಯಬೇಕೋ ಅಲ್ಲಿ ಬರೆಯದೆ ಹೊಸ ಪಾಲುದಾರನ ಖಾತೆಗೆ ಹಾಕಿದರೆ ಲೆಕ್ಕ ಸರಿಯಾಗುತ್ತದೆಯೇ? ಹಾಗೆಂದು ಸಿಂಗಪುರದ ಎದುರಿನ ಎರಡು ಪಂದ್ಯದಲ್ಲಿ ಸಿಕ್ಕಿದ್ದು ಒಂದೇ ಅಂಕ, ಅದು ಅವರದೇ.

ಇಷ್ಟೆಲ್ಲ ಲೆಕ್ಕ ನನಗೆ ಏಕೆ ಎಂದು ಕೆಲವರು ಕೇಳಿದರು. ನಮ್ಮ ಮೊಹಲ್ಲಾದಲ್ಲಿ ಒಂದು ತಂಡ ಇದೆ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಒಬ್ಬರು ಸಂಬಳವಿಲ್ಲದೆ ಕೋಚಿಂಗ್ ಕೊಡುತ್ತಾರೆ, ನಾವೆಲ್ಲ ಭಾಯ್ ಎನ್ನುತ್ತೇವೆ. ಫಜರ್ ನಮಾಜ್ ಆದ ಕೂಡಲೇ ಮೈದಾನಕ್ಕೆ ಬಂದು ಸುಣ್ಣದ ಗೆರೆ ಎಳೆಯುತ್ತಾರೆ. ಎರಡು ಟೂರ್ನಮೆಂಟ್‌ನಲ್ಲಿ ಫೈನಲ್‌ಗೆ ಹೋದೆವು, ಎರಡೂ ಪೆನಾಲ್ಟಿಯಲ್ಲಿ ಸೋತೆವು. ಈಗ ಹಿರಿಯರು ದುಡ್ಡು ಸೇರಿಸಿ ಬೆಂಗಳೂರಿನಿಂದ ಕಪ್ ಗೆದ್ದ ಕೋಚ್ ಒಬ್ಬರನ್ನು ವಾರಕ್ಕೆ ಎರಡು ದಿನ ಕರೆಸುವ ಮಾತಾಡುತ್ತಿದ್ದಾರೆ. ಭಾಯ್ ಏನೂ ಹೇಳಿಲ್ಲ. ಅವರು ಏನೂ ಹೇಳುವವರೂ ಅಲ್ಲ.

ಹೊಸಬರು ಬರಬಾರದು ಎಂದು ನಾನು ಹೇಳುತ್ತಿಲ್ಲ. ಅವರು ಭಾಯ್‌ಗಿಂತ ಹೆಚ್ಚು ತಿಳಿದವರಿರಬಹುದು. ಆದರೆ ಅವರು ಕಪ್ ಗೆದ್ದ ತಂಡದಲ್ಲಿ ಬೂಟು, ಜರ್ಸಿ, ಮೈದಾನ ಯಾರು ಕೊಟ್ಟಿದ್ದರು, ಆ ತಂಡವನ್ನು ಅವರೇ ಕಟ್ಟಿದರೋ ಸಿದ್ಧವಾದದ್ದು ಸಿಕ್ಕಿತೋ, ಗೆದ್ದ ಮೇಲೆ ಮುಂದಿನ ಜಾಗದಲ್ಲಿ ಏನಾಯಿತು ಎಂದು ಕೇಳಬೇಕು. ಭಾಯ್ ಖಾತೆಯಲ್ಲೂ ಆರಂಭದ ಬಾಕಿ ಬರೆಯಬೇಕು: ಅವರು ಶುರು ಮಾಡಿದಾಗ ನಮ್ಮಲ್ಲಿ ಇದ್ದದ್ದು ಒಂದು ಚೆಂಡು, ಅದಕ್ಕೂ ಗಾಳಿ ನಿಲ್ಲುತ್ತಿರಲಿಲ್ಲ. ಹನ್ನೊಂದು ಜನ ಸೇರುತ್ತಿರಲಿಲ್ಲ. ಪೆನಾಲ್ಟಿಯ ಎರಡು ಸೋಲನ್ನು ಅಸಾಮಾನ್ಯ ನಷ್ಟ ಎಂದು ಪಕ್ಕಕ್ಕೆ ಇಟ್ಟರೆ ಎರಡು ಫೈನಲ್ ಉಳಿಯುತ್ತವೆ.

ಈ ಖಾತೆಯನ್ನು ಎರಡು ಕಾಲಂ ಮಾಡಿ ಒಂದು ಹಾಳೆಯಲ್ಲಿ ಬರೆದಿದ್ದೇನೆ, ಭಾನುವಾರ ಹಿರಿಯರ ಕೈಗೆ ಕೊಡುತ್ತೇನೆ. ಹೊಸಬರ ಕಾಲಂನಲ್ಲಿ ಇನ್ನೂ ಮೂರು ಸಾಲು ಖಾಲಿ ಇದೆ, ಅವರೇ ಬಂದು ತುಂಬಬೇಕು. ಒಂದು ಸಾಲು ಹೀಗಿದೆ: ವಾರದ ಉಳಿದ ಐದು ದಿನ ಗೆರೆ ಎಳೆಯುವವರು ಯಾರು?